ಐನೂರರೊಳಗೆ ಬೀಳಲೇಬೇಕು

ವರ್ನಾ: ಆ ಕುರ್ಚಿ ಬಿಡಿ ಭಾವ, ಅದರ ಮೇಲೆ ನನ್ನ ಸ್ವೆಟರ್ ಇದೆ!

ಡೆಲ್ಮಾರ್: ಈ ಕುರ್ಚಿ ಮೇಲೆ ಸ್ವೆಟರ್, ಆ ಕುರ್ಚಿ ಮೇಲೆ ಟೋಪಿ, ಮೂಲೇದರ ಮೇಲೆ ಊಟದ ಚೀಲ. ಒಬ್ಬಳೇ ನಾಲ್ಕು ಕುರ್ಚಿ ಮೇಲೆ ಅದು ಹೇಗೆ ಕೂತಿದ್ದೀಯ, ವರ್ನಾ?

ವರ್ನಾ: ಆ ಯಂತ್ರಗಳೆಲ್ಲ ಕೆಟ್ಟಿವೆ. ನಿಮ್ಮಂಥವರು ಗೊತ್ತಿಲ್ದೆ ಕೂತು ದುಡ್ಡು ಕಳ್ಕೋಬಾರ್ದು ಅಂತ ಗುರುತಿಗೆ ಇಟ್ಟಿದ್ದೀನಿ.

ಡೆಲ್ಮಾರ್: ಇವತ್ತು ಬಿಸಿಲು ನೂರಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಏರುತ್ತಂತೆ. ಇಂಥದ್ರಲ್ಲಿ ಸ್ವೆಟರ್ ಯಾಕೆ ತಂದೆ?

ವರ್ನಾ: ಗುರುತಿಗೆ ಅಂದೆನಲ್ಲ!

ನಾನು ರೊಸೆಂಡಾ. ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡು ಇಪ್ಪತ್ತೆರಡು ವರ್ಷದಿಂದ ಬೌಲ್ಡರ್ ಹೈವೇಯ ಈ ಕ್ಯಾಸಿನೊದಲ್ಲಿ ಜೂಜಿನ ಯಂತ್ರಗಳ ಚಾಕರಿ ಮಾಡುತ್ತಿದ್ದೇನೆ. ಲಾಸ್ ವೇಗಸ್‌ಗೆ ಬರುವ ಪ್ರವಾಸಿಗರು ಇತ್ತ ತಲೆ ಹಾಕುವುದಿಲ್ಲ. ಇಲ್ಲಿ ಕೂರುವವರೆಲ್ಲ ಅಕ್ಕಪಕ್ಕದ ಪಿಂಚಣಿದಾರರು, ಬಿಟ್ಟಿ ಕಾಫಿಯ ಭಕ್ತರು. ಒಬ್ಬರಿಗೆ ಒಂದೇ ಕುರ್ಚಿ ಎನ್ನುವುದು ಇಲ್ಲಿನ ನಿಯಮ. ಹಾಗಾಗಿ ಸ್ವೆಟರ್, ಟೋಪಿ, ಚೀಲ ಮೂರನ್ನೂ ಎತ್ತಿ ವರ್ನಾಳ ಮಡಿಲಿಗೆ ಹಾಕಿದೆ. ಅವಳು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಪಾಪ, ಅವಳ ಕಷ್ಟ ನನಗೆ ಗೊತ್ತಿತ್ತು. ಭಾನುವಾರ ಅವಳ ಮನೆಯ ಏಸಿ ಕೆಟ್ಟುಹೋಗಿದೆ. ರಿಪೇರಿಯವನು ನಾನೂರ ಅರವತ್ತು ಡಾಲರ್ ಕೇಳಿದ್ದಾನೆ. ಸಾಲದ್ದಕ್ಕೆ ಅಕ್ಕ ಆರ್ಡಿತ್ ಮತ್ತು ಭಾವ ಡೆಲ್ಮಾರ್ ನೆಬ್ರಾಸ್ಕಾದಿಂದ ನೆಂಟರಾಗಿ ಬಂದಿದ್ದಾರೆ. ಭಾವ ಜೇಬಿಗೆ ಕೈ ಹಾಕಿದರೆ, ನೆಂಟರ ದುಡ್ಡಿನ ಗಾಳಿ ನನಗೆ ಬೇಡ ಎಂದು ಈ ಸ್ವಾಭಿಮಾನಿ ತಡೆದಿದ್ದಾಳೆ.

ಇಲ್ಲಿ ಅವಳು ಹಿಡಿದಿದ್ದ ಸಾಲಿನ ನಾಲ್ಕು ಯಂತ್ರಕ್ಕೂ ಸೇರಿ ಮೇಲೆ ಒಂದೇ ಮೊತ್ತ ಹೊಳೆಯುತ್ತದೆ. ನಾಲ್ಕರಲ್ಲಿ ಯಾರು ಒಂದು ಡಾಲರ್ ಆಡಿದರೂ ಅದು ಒಂದು ಸೆಂಟ್ ಏರುತ್ತದೆ. ಕೆಳಗೆ ‘ಐನೂರರೊಳಗೆ ಬೀಳಲೇಬೇಕು’ ಎಂದು ಬರೆದಿದೆ. ಅಂದರೆ ಐನೂರು ಮುಟ್ಟುವ ಮೊದಲೇ ಆ ಮೊತ್ತ ಬಹುಮಾನವಾಗಿ ಬೀಳುತ್ತದೆ. ಬೀಳುವ ಹೊತ್ತಿಗೆ ಯಾರ ಬೆರಳು ಗುಂಡಿಯ ಮೇಲಿತ್ತೋ ಅಷ್ಟೂ ದುಡ್ಡು ಅವರದು. ಆಗ ಅಲ್ಲಿದ್ದದ್ದು ನಾನೂರ ತೊಂಬತ್ತೊಂಬತ್ತು ಡಾಲರ್ ಐವತ್ತೆರಡು ಸೆಂಟ್. ವರ್ನಾ ಬೆಳಗ್ಗೆ ಆರಕ್ಕೆ ಬಂದು ಕೂತವಳು ಎದ್ದಿರಲಿಲ್ಲ. ಎದ್ದಿಲ್ಲ ಎನ್ನುವುದೇ ಈಗ ತೊಂದರೆಯಾಗಿತ್ತು, ಏಕೆಂದರೆ ಅವಳು ನಾಲ್ಕು ಕಪ್ ಕಾಫಿ ಕುಡಿದಿದ್ದಳು.

ಡೆಲ್ಮಾರ್ ಪಕ್ಕದ ಯಂತ್ರದ ಮುಂದೆ ಕೂತು, ಜೇಬಿನಿಂದ ಮಡಿಚಿದ ಕಾಗದ ತೆಗೆದರು.

ಡೆಲ್ಮಾರ್: ಮಗಳು ಕೊಟ್ಟು ಕಳಿಸಿದ್ದು. ‘ಅಪ್ಪಾ, ಈ ಪದಗಳೆಲ್ಲ ತಿಳ್ಕೊಳ್ದೆ ಕ್ಯಾಸಿನೊ ಒಳಗೆ ಕಾಲಿಡ್ಬೇಡ’ ಅಂದಿದ್ದಾಳೆ. ನೀನು ಹನ್ನೊಂದು ವರ್ಷದಿಂದ ಇಲ್ಲಿ ಆಡ್ತಿರೋ ಪಂಡಿತೆ. ಅರ್ಥ ಹೇಳು. ಮೊದಲನೇದು ‘ವೈಲ್ಡ್’.

ವರ್ನಾ: (ಗುಂಡಿ ಒತ್ತುತ್ತ) ಯಂತ್ರಕ್ಕೆ ತಲೆ ಕೆಟ್ಟಿದೆ ಅಂತ. ಅದು ಬಂದ್ರೆ ಎದ್ದು ದೂರ ಹೋಗ್ಬೇಕು.

ಸುಳ್ಳು. ಅದು ಇಸ್ಪೀಟಿನ ಜೋಕರ್ ಇದ್ದ ಹಾಗೆ, ಯಾವ ಚಿತ್ರದ ಜಾಗಕ್ಕೂ ನಿಲ್ಲುತ್ತದೆ. ಆದರೆ ಆಟದ ವಿಷಯ ಗಿರಾಕಿಗಳ ಹತ್ತಿರ ನಾವು ಬಾಯಿ ಬಿಡುವಂತಿಲ್ಲ.

ಡೆಲ್ಮಾರ್: ಈಗ ನಿನ್ನದರಲ್ಲಿ ಎರಡು ಬಂತಲ್ಲ. ನೀನು ಹೋಗ್ಲಿಲ್ಲ?

ವರ್ನಾ: ನನಗೆ ಅಭ್ಯಾಸ ಇದೆ.

ಡೆಲ್ಮಾರ್: ಸರಿ. ‘ಪೇಲೈನ್’?

ವರ್ನಾ: ದುಡ್ಡು ಕಟ್ಟೋಕೆ ನಿಲ್ಲೋ ಸಾಲು. ಅಲ್ಲಿ, ಹೋಟ್ಲು ಪಕ್ಕ. ಹೋಗಿ ನಿಂತ್ಕೊಳ್ಳಿ.

ಡೆಲ್ಮಾರ್: ಅಲ್ಲಿ ಜನ ಮೊಟ್ಟೆ ತಿಂಡಿಗೆ ನಿಂತಿದ್ದಾರೆ.

ವರ್ನಾ: ತಿಂಡಿಗೂ ದುಡ್ಡು ಕಟ್ಬೇಕಲ್ಲ!

ಪೇಲೈನ್ ಎಂದರೆ ಪರದೆಯ ಮೇಲೆ ಒಂದೇ ಬಗೆಯ ಚಿತ್ರಗಳು ಕೂಡಿ ಬಂದರೆ ದುಡ್ಡು ಕೊಡುವ ಗೆರೆ.

ಡೆಲ್ಮಾರ್: ಇರ್ಲಿ. ‘ಪ್ರೊಗ್ರೆಸಿವ್’. ಮೇಲೆ ಹೊಳೀತಾ ಏರ್ತಾ ಹೋಗೋ ನಂಬರ್ ಅಂತ ಕಾಣುತ್ತೆ. ಅದೇ ತಾನೇ ಅದು?

ವರ್ನಾಳ ಬೆರಳು ಗುಂಡಿಯ ಮೇಲೆಯೇ ನಿಂತಿತು.

ವರ್ನಾ: ಅದಾ? ಅದು ಇವತ್ತು ಒಳಗೆ ಬಂದವರ ಲೆಕ್ಕ. ನಾನೂರ ತೊಂಬತ್ತೊಂಬತ್ತು ಜನ.

ಡೆಲ್ಮಾರ್: ಚುಕ್ಕಿ ಆದ್ಮೇಲೆ ಅರವತ್ತೊಂದು ಅಂತ ಇದೆ.

ವರ್ನಾ: ಬಾಗಿಲವರೆಗೂ ಬಂದು ವಾಪಸ್ ಹೋದವರು.

ಡೆಲ್ಮಾರ್: ‘ಐನೂರರೊಳಗೆ ಬೀಳಲೇಬೇಕು’ ಅಂತ ಬರೆದಿದ್ಯಲ್ಲ, ಏನು ಬೀಳೋದು?

ವರ್ನಾ: ಬಾಗಿಲು. ಐನೂರು ಜನ ಆಗ್ತಿದ್ದ ಹಾಗೆ ಬಾಗಿಲು ತಾನಾಗೇ ಬೀಳುತ್ತೆ. ಬೆಂಕಿ ಆರಿಸೋರ ಇಲಾಖೆ ನಿಯಮ.

ಡೆಲ್ಮಾರ್: ಭಾರೀ ಶಿಸ್ತು ನಿಮ್ಮೂರಲ್ಲಿ.

ಊರ ಮಂಡಿಯಲ್ಲಿ ಮೂವತ್ತೆಂಟು ವರ್ಷ ಮೆಕ್ಕೆಜೋಳ ತೂಗಿದ ಮನುಷ್ಯ. ತಕ್ಕಡಿ ಹೇಳಿದ್ದನ್ನು ನಂಬಿದ ಹಾಗೆ ನಾದಿನಿ ಹೇಳಿದ್ದನ್ನೂ ನಂಬುತ್ತಿದ್ದಾರಲ್ಲ ಎಂದು ನನಗೆ ಕನಿಕರವಾಯಿತು. ನಗುವೂ ಬಂತು, ಕೆಮ್ಮಿ ಮುಚ್ಚಿಕೊಂಡೆ.

ಡೆಲ್ಮಾರ್: ಯಾಕೆ ಹಾಗೆ ಕಾಲು ಕುಣಿಸ್ತಿದ್ದೀಯ?

ವರ್ನಾ: ಹಾಡು ಚೆನ್ನಾಗಿದೆ.

ಡೆಲ್ಮಾರ್: ಕಾರ್ಪೆಟ್ ಗುಡಿಸೋ ಮಷೀನು ಅದು.

ವರ್ನಾ: ನನಗೆ ಅದೇ ಇಷ್ಟ. ಬೇಗ ಬೇಗ ಕೇಳಿ ಭಾವ, ಪಟ್ಟಿ ಮುಗಿಸಿ, ಮನೆಗೆ ಹೋಗಿ.

ಡೆಲ್ಮಾರ್: ಇದೊಂದೇ ಉಳ್ಕೊಂಡಿರೋದು. ‘ಹ್ಯಾಂಡ್ ಪೇ’. ಅಷ್ಟು ಹೇಳು, ಆಮೇಲೆ ನಾನೂ ಒಂದು ಐದು ಡಾಲರ್ ಆಡಿ ನೋಡ್ತೀನಿ.

ವರ್ನಾ: ಆಡ್ತೀರಾ? (ತಟ್ಟನೆ ಅವರ ಕಡೆ ತಿರುಗಿ) ಹ್ಯಾಂಡ್ ಪೇ ಅಂದ್ರೆ ಹುಷಾರು ಭಾವ! ದೀಪ ಮಿನುಗಿ, ಗಂಟೆ ಹೊಡ್ಕೊಂಡು, ಯಂತ್ರ ನಿಂತುಹೋಯ್ತು ಅನ್ಕೊಳ್ಳಿ, ನೀವು ಅದನ್ನ ಕೆಡಿಸಿದ್ದೀರಿ ಅಂತ. ದಂಡ ಕೈಯಾರೆ ಕಟ್ಬೇಕು.

ಡೆಲ್ಮಾರ್: ಅಯ್ಯೋ. ಎಷ್ಟು?

ವರ್ನಾ: ಹೇಳೋಕಾಗಲ್ಲ. ಹೋದ ವರ್ಷ ಒಬ್ಬರು ಕಾರು ಮಾರಿದ್ರು.

ದೊಡ್ಡ ಬಹುಮಾನ ಬಿದ್ದರೆ ಯಂತ್ರ ತಾನು ಕೊಡುವುದಿಲ್ಲ. ನಾನೇ ಹೋಗಿ ಗೆದ್ದವರ ಕೈಗೆ ನೋಟು ಎಣಿಸಿ ಕೊಡುತ್ತೇನೆ. ಹ್ಯಾಂಡ್ ಪೇ ಎಂದರೆ ಇಷ್ಟೇ. ಅದನ್ನು ಇವಳು ನನ್ನೆದುರೇ ದಂಡ ಮಾಡಿಬಿಟ್ಟಳು.

ಮೇಲಿನ ಮೊತ್ತ ನಾನೂರ ತೊಂಬತ್ತೊಂಬತ್ತು ಡಾಲರ್ ಎಪ್ಪತ್ತೆಂಟು ಸೆಂಟ್‌ಗೆ ಬಂತು. ವರ್ನಾಳಿಗೆ ಇನ್ನು ತಡೆಯಲಾಗಲಿಲ್ಲ. ಎದ್ದಳು, ಕೂತಳು, ಮತ್ತೆ ಎದ್ದಳು.

ವರ್ನಾ: ರೊಸೆಂಡಾ, ಐದೇ ನಿಮಿಷ ಈ ಸಾಲಿಗೆ ಬೀಗ ಹಾಕಮ್ಮ!

ನಾನು: ಆ ಅನುಕೂಲ ಈ ಸಾಲಿಗಿಲ್ಲ ವರ್ನಾ, ನಿನಗೇ ಗೊತ್ತು.

ವರ್ನಾ: ಭಾವ, ನಾನು ಕೈ ತೊಳ್ಕೊಂಡು ಬರ್ತೀನಿ. ನನ್ನ ಯಂತ್ರ ನೋಡ್ಕೊಳ್ಳಿ. ಮುಟ್ಬೇಡಿ. ಯಾರೂ ಮುಟ್ಟಬಾರ್ದು. ಆಣೆ ಮಾಡಿ!

ಡೆಲ್ಮಾರ್: ದೇವರಾಣೆ, ನಿನ್ನ ಯಂತ್ರ ಮುಟ್ಟಲ್ಲ. ಅಲ್ಲ, ಕೈ ತೊಳೆಯೋಕೆ ಯಾರಾದ್ರೂ ಹೀಗೆ ಓಡ್ತಾರಾ?

ಅವಳಾಗಲೇ ಮರೆಯಾಗಿದ್ದಳು. ಡೆಲ್ಮಾರ್ ಕೈಯಲ್ಲಿದ್ದ ಕಾಗದವನ್ನು ತಿರುವಿ ಹಾಕಿದರು. ಆಮೇಲೆ ತಲೆಯೆತ್ತಿ ಮೇಲೆ ನೋಡಿದರು, ನನ್ನನ್ನು ನೋಡಿದರು.

ಡೆಲ್ಮಾರ್: ಮೇಡಂ, ಐನೂರು ಜನ ಆದ್ರೆ ಇಲ್ಲಿ ಬಾಗಿಲು ಬೀಳುತ್ತಾ?

ನಾನು: ಆಟದ ವಿಷಯ ನಾವು ಹೇಳೋ ಹಾಗಿಲ್ಲ ಸಾರ್.

ಡೆಲ್ಮಾರ್: ನಾನು ಕೇಳಿದ್ದು ಬಾಗಿಲಿನ ವಿಷಯ.

ನಾನು: ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ಬಿದ್ದಿಲ್ಲ ಸಾರ್.

ಅಷ್ಟರಲ್ಲಿ ಆಚೆ ಸಾಲಿನಲ್ಲಿ ಯಾರದ್ದೋ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಿದೆ ಎಂದು ಕರೆದರು, ಹೋದೆ. ಕಾಗದ ಬಿಡಿಸುತ್ತಿದ್ದಾಗ ಗಂಟೆ ಹೊಡೆಯಿತು. ಓಡಿಬಂದು ನೋಡಿದರೆ, ಡೆಲ್ಮಾರ್ ಎರಡೂ ಕೈ ಮೇಲೆತ್ತಿ ನಿಂತಿದ್ದಾರೆ. ಅವರ ಯಂತ್ರದ ತಲೆಯ ಮೇಲೆ ದೀಪ ಮಿನುಗುತ್ತಿದೆ. ಆ ಕಡೆಯಿಂದ ವರ್ನಾ ಒದ್ದೆ ಕೈಯಲ್ಲೇ ಓಡಿಬಂದಳು.

ಡೆಲ್ಮಾರ್: ನಿನ್ನದು ಮುಟ್ಟಿಲ್ಲ! ನನ್ನದರಲ್ಲೇ ಆಡಿದ್ದು!

ಮೇಲಿನ ಮೊತ್ತ ನಾನೂರ ತೊಂಬತ್ತೊಂಬತ್ತು ಡಾಲರ್ ಎಂಬತ್ತೊಂದು ಸೆಂಟ್‌ಗೆ ನಿಂತಿತ್ತು. ವರ್ನಾ ಅದನ್ನೇ ನೋಡುತ್ತ ಮೆಲ್ಲಗೆ ತನ್ನ ಕುರ್ಚಿಯಲ್ಲಿ ಕುಸಿದಳು. ನಾಲ್ಕು ಗಂಟೆಗೂ ಮೀರಿ ಕೂತು ಏರಿಸಿದ್ದು.

ಡೆಲ್ಮಾರ್: (ಪಿಸುದನಿಯಲ್ಲಿ) ವರ್ನಾ, ಹ್ಯಾಂಡ್ ಪೇ ಅಂತ ಬಂದಿದೆ. ನಾನು ಹೊರಗಿನವನು, ದಂಡ ಜಾಸ್ತಿ ಹಾಕ್ತಾರೇನೋ. ನೀನೇ ಒತ್ತಿದ್ದು ಅಂತ ಹೇಳ್ಬಿಡು. ಎಷ್ಟಾದ್ರೂ ನಾನು ಕೊಡ್ತೀನಿ.

ವರ್ನಾ: ನಾನೇ... ಒತ್ತಿದೆ ಅಂತಲಾ?

ಡೆಲ್ಮಾರ್: ಹೂಂ. ಬಂದದ್ದೆಲ್ಲ ನಿನ್ನ ಹೆಸರಿಗೇ ಬರ್ಲಿ.

ನಿಯಮದ ಪ್ರಕಾರ ನಾನು ಕೇಳಲೇಬೇಕಿತ್ತು.

ನಾನು: ಯಾರು ಒತ್ತಿದ್ದು?

ವರ್ನಾ ನನ್ನನ್ನು ನೋಡಿದಳು. ಭಾವನನ್ನು ನೋಡಿದಳು. ಕರ್ಚೀಫು ತೆಗೆದು ಆಗಲೇ ಒಣಗಿದ್ದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡಳು. ಏಸಿಯಿಲ್ಲದ ಮನೆಯಲ್ಲಿ ಜುಲೈ ತಿಂಗಳ ರಾತ್ರಿ ಹೇಗಿರುತ್ತದೆಂದು ನನಗೆ ಗೊತ್ತು. ಅವಳು ಹೂಂ ಎಂದಿದ್ದರೂ ನಾನು ಬೈಯುತ್ತಿರಲಿಲ್ಲ.

ವರ್ನಾ: ಅವರೇ ಒತ್ತಿದ್ದು. ಭಾವ, ಅದು ದಂಡ ಅಲ್ಲ, ಬಹುಮಾನ. ಐನೂರಕ್ಕೆ ಹತ್ತೊಂಬತ್ತು ಸೆಂಟ್ ಕಮ್ಮಿ. ನಿಮ್ಮದೇ ದುಡ್ಡು. ನಾನು ಹೇಳಿದ್ದೆಲ್ಲ ಸುಳ್ಳು.

ಡೆಲ್ಮಾರ್: ಎಲ್ಲಾನೂ?

ವರ್ನಾ: ಹಾಡು ಇಷ್ಟ ಅಂದದ್ದೂ ಸುಳ್ಳು.

ಡೆಲ್ಮಾರ್ ಕೈ ಇಳಿಸಿದರು. ಮುಖದ ಮೇಲಿದ್ದ ಹೆದರಿಕೆ ಎಲ್ಲಿ ಹೋಯಿತೋ! ಕಾಗದವನ್ನು ತಿರುಗಿಸಿ ಅವಳ ಮುಂದೆ ಹಿಡಿದರು. ಹಿಂಬದಿಯಲ್ಲಿ ಪ್ರತಿ ಪದಕ್ಕೂ ಅರ್ಥ ಅಚ್ಚಾಗಿತ್ತು.

ಡೆಲ್ಮಾರ್: ನೀನು ಓಡಿಹೋದ್ಮೇಲೆ ಮಾಡೋಕೆ ಕೆಲಸ ಇರ್ಲಿಲ್ಲ, ಕಾಗದ ತಿರುಗಿಸಿದೆ. ಓದಿದೆ. ಈ ಮೇಡಂ ಹತ್ರ ಬಾಗಿಲಿನ ವಿಷಯ ಖಾತ್ರಿ ಮಾಡ್ಕೊಂಡೆ. ಐದು ಡಾಲರ್ ಹಾಕಿದೆ.

ವರ್ನಾ: ಅಂದ್ರೆ ಆ ಹೆದರಿಕೆ, ಆ ಕೈ ಎತ್ತಿದ್ದು...

ಡೆಲ್ಮಾರ್: ನೀನೊಬ್ಬಳೇ ಸುಳ್ಳು ಹೇಳ್ಬೇಕಾ?

ವರ್ನಾ ಸ್ವೆಟರನ್ನು ಉಂಡೆ ಮಾಡಿ ಭಾವನ ಮೇಲೆ ಎಸೆದಳು. ನಾನು ನೋಟು ತಂದು ಡೆಲ್ಮಾರ್ ಅಂಗೈಗೆ ಎಣಿಸಿದೆ. ಅವರು ಒಂದು ಇಪ್ಪತ್ತರ ನೋಟು ನನಗೆ ಕೊಟ್ಟು, ಉಳಿದದ್ದನ್ನು ಹಾಗೇ ನಾದಿನಿಯ ಮಡಿಲಿಗೆ ಹಾಕಿದರು.

ವರ್ನಾ: ನೆಂಟರ ದುಡ್ಡು ಬೇಡ ಅಂದಿದ್ದೀನಿ.

ಡೆಲ್ಮಾರ್: ನೆಂಟರದು ಇದರಲ್ಲಿ ಮೂರು ಸೆಂಟ್ ಇದೆ. ಬೆಳಗ್ಗೆಯಿಂದ ಕೂತು ಅದನ್ನ ಇಲ್ಲಿವರೆಗೆ ತಂದವಳು ನೀನು. ಏಸಿಯವನಿಗೆ ಫೋನ್ ಮಾಡು.

ವರ್ನಾ ಮೂಗು ಒರೆಸಿಕೊಂಡಳು. ಅವಳು ಅಳುತ್ತಿದ್ದಳು, ನಾನು ನೋಡಿದ್ದೇನೆ.

ವರ್ನಾ: ಒಂದು ಮಾತು ಕೇಳ್ಲಾ ಭಾವ? ನಾನೇ ಒತ್ತಿದ್ದು ಅಂತ ನಾನು ಹೇಳಿದ್ದಿದ್ರೆ?

ಡೆಲ್ಮಾರ್: ಮೇಲೆ ಕ್ಯಾಮೆರಾ ಇದೆ, ದುಡ್ಡು ನನಗೇ ಬರ್ತಿತ್ತು. ನಾನು ನಿಮ್ಮಕ್ಕನ ಕೈಗೆ ಕೊಡ್ತಿದ್ದೆ. ಅವಳು ನಿನಗೇ ಕೊಡ್ತಿದ್ದಳು.

ವರ್ನಾ: ಹಾಗಾದ್ರೆ ಹೇಗಿದ್ರೂ ನನಗೇ ಬರ್ತಿತ್ತು! ಸತ್ಯ ಹೇಳಿ ಏನು ಸಿಕ್ತು ನನಗೆ?

ಡೆಲ್ಮಾರ್: ನಿಮ್ಮಕ್ಕ ಕೊಡೋಕೆ ಮುಂಚೆ ನಿನ್ನನ್ನ ಎದುರಿಗೆ ಕೂರಿಸ್ಕೊಂಡು ಎರಡು ಗಂಟೆ ಬುದ್ಧಿ ಹೇಳ್ತಿದ್ದಳು.

ವರ್ನಾ ಒಂದು ಕ್ಷಣ ಯೋಚಿಸಿದಳು. ಮುಖ ಅರಳಿತು.

ವರ್ನಾ: ರೊಸೆಂಡಾ, ಗಂಟೆ ಇನ್ನೊಂದು ಸಲ ಹೊಡಿಯಮ್ಮ. ನನಗೂ ಜಾಕ್‌ಪಾಟ್ ಬಿತ್ತು!