ಭಾಲ್ಕಿ ಸ್ಟೇಷನ್ನಿನಲ್ಲಿ ವಲಸೆ ತಡೆ

ಶಿವರಾಜಪ್ಪ: ನಾಳಿ ಒಂದೇ ದಿನ ನಿಂದರ್ರಿ, ಶೇವಂತಾಬಾಯಿ. ನಾಡದ್ದ ಖುಶೀಲೆ ಹೋಗ್ರಿ. ಯಾರು ಬ್ಯಾಡಂತಾರ?

ಶೇವಂತಾಬಾಯಿ: ನೀವೇ ಬ್ಯಾಡಂತೀರಲ್ರಿ ಅಧ್ಯಕ್ಷರೆ. ಊರೂರು ತಿರುಗಿ ನನ್ನ ಕಡಿಂದ ಹಾಡಿಸೀರಿ, ಯಾರೂ ಊರು ಬಿಡಬ್ಯಾಡ್ರಿ ಅಂತ.

ಶಿವರಾಜಪ್ಪ: ಅದು ಮಂದಿಗಿ ಹೇಳೋ ಮಾತು. ನೀವು ಕಲಾವಿದರು.

ಶೇವಂತಾಬಾಯಿ: ಕಲಾವಿದರಿಗಿ ನೀರಡಿಕಿ ಆಗಂಗಿಲ್ಲೇನ್ರಿ?

ಭಾಲ್ಕಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ, ಬೇವಿನ ಗಿಡದ ಅರೆಬರೆ ನೆರಳಿನಲ್ಲಿ ಈ ಜಗಳ ನಡೆದಿತ್ತು. ಮಳೆ ಸತತ ಎರಡನೆಯ ವರ್ಷ ಕೈಕೊಟ್ಟಿತ್ತು. ಶಿವರಾಜಪ್ಪನವರು ಬೀದರಿನಲ್ಲಿ ಹಾರ್ಡ್‌ವೇರ್ ಅಂಗಡಿಯ ಮಾಲೀಕರು, ಅಂಗಡಿ ಮುಚ್ಚಿದ ಮೇಲೆ ಸಮಾಜದ ಮಾಲೀಕರು. ಮೊದಲು ಗುಬ್ಬಿ ಉಳಿಸಿ ಸಮಿತಿಯ ಅಧ್ಯಕ್ಷರಾಗಿದ್ದರು. ಆ ಕೆಲಸ ಸುಖವಾಗಿತ್ತು, ಗುಬ್ಬಿಗಳು ಎದುರು ಮಾತಾಡುತ್ತಿರಲಿಲ್ಲ. ಈಗ ವಲಸೆ ತಡೆ ಜನಜಾಗೃತಿ ಸಮಿತಿಯ ಅಧ್ಯಕ್ಷರು.

ಸಮಿತಿಗೊಂದು ಬೀದಿ ನಾಟಕವನ್ನು ಅವರೇ ಬರೆದಿದ್ದರು. ಗಂಡ ಊರು ಬಿಟ್ಟು ಹೊರಡುತ್ತಾನೆ, ಹೆಂಡತಿ ಬುದ್ಧಿ ಹೇಳುತ್ತಾಳೆ, ಗಂಡ ಗಾಡಿ ಇಳಿದು ತಿರುಗಿ ಊರಿಗೆ ಬರುತ್ತಾನೆ. ಆಮೇಲೆ ಅಧ್ಯಕ್ಷರ ಭಾಷಣ. ಹೆಂಡತಿಯ ಪಾತ್ರ ಮೆಹಕರದ ಶೇವಂತಾಬಾಯಿಯದು, ಗಂಡನ ಪಾತ್ರ ಅವಳ ಖಾಸಾ ಗಂಡ ಗೋರಖನಾಥನದು. ನಾಳೆ ಠಾಣಾ ಕುಶನೂರಿನಲ್ಲಿ ಪ್ರಯೋಗ. ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುವವರಿದ್ದರು. ಅವರು ಮೆಚ್ಚಿದರೆ ವಿಭಾಗಕ್ಕೆಲ್ಲ ಶಿವರಾಜಪ್ಪನವರೇ ಅಧ್ಯಕ್ಷರು. ಅದಕ್ಕಾಗಿ ಹೊಸ ಜಾಕೀಟೂ ಹೊಲಿಸಿ ಆಗಿತ್ತು. ನಾಟಕದ ಗಂಡ ಹೆಂಡತಿ ನೋಡಿದರೆ ಗಂಟು ಕಟ್ಟಿಕೊಂಡು ಹೈದರಾಬಾದಿನ ಗಾಡಿ ಕಾಯುತ್ತ ಕೂತಿದ್ದರು. ಸುದ್ದಿ ಕೇಳಿ ಅಧ್ಯಕ್ಷರು ಬೀದರಿನಿಂದ ಓಡಿ ಬಂದಿದ್ದರು.

ಗೋರಖನಾಥ: ಕೂಲಿಮಂದೀನ ಒಯ್ಯೋ ಮುಕಾದಮ ಮಕ್ಸೂದ ಸಾಫ ಹೇಳ್ಯಾನ್ರಿ. ಇವತ್ತಿನ ಗಾಡೀಗಿ ಬಂದ್ರ ಸೈಟಿನ ಮ್ಯಾಲ ಜಾಗಾ, ಇಲ್ಲಂದ್ರ ಬ್ಯಾರೆ ಜೋಡಿ ಇಟ್ಕೋತೇನಿ ಅಂತ.

ಶಿವರಾಜಪ್ಪ: ನಾಳಿ ನಿಮಗ ಸಾಹೇಬರ ಕೈಲೆ ಶಾಲು ಹೊದಸ್ತೇವಿ.

ಶೇವಂತಾಬಾಯಿ: ಮನ್ಯಾಗ ಶಾಲು ಬೇಕಾದಷ್ಟು ಅವ್ರಿ. ಈ ಉರಿಬಿಸಲಾಗ ಇನ್ನೊಂದು ಹೊದಿಸಿದ್ರ ವೇದಿಕಿ ಮ್ಯಾಲೇ ಬೀಳ್ತೇನಿ.

ಶಿವರಾಜಪ್ಪ: ಫಲಕ ಕೊಡ್ತೇವಿ.

ಗೋರಖನಾಥ: ಹ್ವಾದ ಸಲದ ಫಲಕ ಕೊಡಕ್ಕ ಮುಚ್ಚಳ ಮಾಡೇವಿ. ಫಲಕ ಮಜಬೂತ ಅದ್ರಿ, ಕೊಡದಾಗೇ ನೀರಿಲ್ಲ.

ಶೇವಂತಾಬಾಯಿ: ಒಂದು ಮಾತು ಕೇಳ್ತೇನಿ. ನಾಳಿ ಅಲ್ಲಿ ನೀರಿನ ಟ್ಯಾಂಕರ್ ಬರ್ತದೇನ್ರಿ?

ಶಿವರಾಜಪ್ಪ: ವೇದಿಕಿ ಮ್ಯಾಲಿನವರಿಗಿ ಬಾಟ್ಲಿ ನೀರಿನ ಬಂದೋಬಸ್ತ್ ಆಗ್ಯಾದ.

ಶೇವಂತಾಬಾಯಿ: ಕೆಳಗ ಕುಂತವರಿಗಿ?

ಶಿವರಾಜಪ್ಪ: ಕೆಳಗ ಕುಂತವರಿಗಿ ಜಾಗೃತಿ.

ಗೋರಖನಾಥ: ಕೆಳಗ ಯಾರು ಕೂಡ್ತಾರ್ರಿ? ಠಾಣಾ ಕುಶನೂರಿನ ಮಂದಿ ಇಲ್ಲೇ ಕುಂತದಲ್ಲ.

ಶಿವರಾಜಪ್ಪನವರು ಹೊರಳಿ ನೋಡಿದರು. ಪ್ಲಾಟ್‌ಫಾರ್ಮಿನ ತುಂಬ ಗಂಟು, ತವಾ, ಸ್ಟೋವು, ನಡುನಡುವೆ ಮನುಷ್ಯರು. ಹತ್ತಿರದಲ್ಲೇ ತಂಬಾಕು ಮೆಲ್ಲುತ್ತಿದ್ದ ಒಬ್ಬ ಮುದುಕಿ, ಅನುಸೂಯಾಬಾಯಿ ಎಂದು ಹೆಸರು, ಅವರ ಗುರುತು ಹಿಡಿದಳು.

ಅನುಸೂಯಾಬಾಯಿ: ನಾಟಕದ ಅಧ್ಯಕ್ಷರಲ್ಲೇನ್ರಿ ನೀವು? ನಾಳಿ ನಮ್ಮೂರಾಗ ಆಟ ಅದಂತ ಡಂಗುರ ಹೊಡದುರು. ನೋಡಬೇಕಂತ ಭಾಳ ಆಸಿ ಇತ್ತು. ಏನ್ಮಾಡ್ಲಿ, ಗಾಡಿ ಇವತ್ತೇ ಅದ.

ಶಿವರಾಜಪ್ಪ: ನಿಮ್ಮ ಓಣ್ಯಾಗ ಯಾರೂ ಉಳದಿಲ್ಲೇನು?

ಅನುಸೂಯಾಬಾಯಿ: ಉಳದಾವಲ್ರಿ. ಗುಡಿ ಅದ, ಸಾಲಿ ಗ್ವಾಡಿ ಅದ, ಆ ಗ್ವಾಡಿ ಮ್ಯಾಲ ನಿಮ್ಮ ಬ್ಯಾನರ್ ಅದ.

 ಸಾಹೇಬರು ಬಂದು ಗೋಡೆಗೆ ಕೈಮುಗಿಯುವ ಚಿತ್ರ ಶಿವರಾಜಪ್ಪನವರ ಕಣ್ಣ ಮುಂದೆ ಹಾದುಹೋಯಿತು. ಆದರೆ ಅವರು ಎದೆಗುಂದುವ ಪೈಕಿ ಅಲ್ಲ. ಅಲ್ಲೇ ನಿಂತಲ್ಲೇ ಅವರ ತಲೆಯೊಳಗೆ ತುರ್ತು ಸಭೆ ಕೂಡಿತು, ಚರ್ಚೆ ನಡೆಯಿತು, ಠರಾವು ಪಾಸಾಯಿತು.

ಶಿವರಾಜಪ್ಪ: ನಾಟಕ ಇಲ್ಲೇ ಆಗಲಿ. ಈಗೇ. ಪ್ರೇಕ್ಷಕರೂ ಅದಾರ, ಕಲಾವಿದರೂ ಅದಾರ. ವಿಡಿಯೋ ಮಾಡಿ ಸಾಹೇಬರಿಗಿ ಕಳಿಸಿಬಿಡ್ತೇನಿ. ಉಸ್ಮಾನ ಮಿಯಾ, ಗಾಡಿ ಎಲ್ಲದ?

ಉಸ್ಮಾನ ಮಿಯಾ ಆ ಸ್ಟೇಷನ್ನಿನ ಚಹಾದವನು. ಗಾಡಿಯ ವಿಷಯದಲ್ಲಿ ಜನ ಸ್ಟೇಷನ್ ಮಾಸ್ತರರಿಗಿಂತ ಅವನನ್ನೇ ಹೆಚ್ಚು ನಂಬುತ್ತಿದ್ದರು.

ಉಸ್ಮಾನ ಮಿಯಾ: ಇನ್ನಾ ಉದಗೀರ ಬಿಟ್ಟಿಲ್ರಿ ಸಾಬ್. ಆರಾಮ ನಾಟಕ ಮಾಡ್ರಿ. ಚಾ ಕುಡ್ಯಾವ್ರೂ ನಿಂದರ್ತಾರ.

ಶೇವಂತಾಬಾಯಿ: ಗಾಡಿ ಬರೋ ತನಕಾ ಮಾಡ್ತೇನಿ. ಬಂದ ಮ್ಯಾಲ ಒಂದು ಮಾತೂ ಹೆಚ್ಚ ಆಡಂಗಿಲ್ಲ. ಖರೇ, ಢೋಲಕ ಬಾರಸೋ ಕಾಶೀರಾಮ ಹ್ವಾದ ವಾರೇ ಪುಣೆಕ್ಕ ಹೋಗ್ಯಾನ್ರಿ. ಇವರು ಢೋಲಕ ಹಿಡದ್ರ ಗಂಡನ ಪಾರ್ಟ್ ಯಾರು ಮಾಡ್ತಾರ?

ಎಲ್ಲರೂ ಶಿವರಾಜಪ್ಪನವರ ಕಡೆ ನೋಡಿದರು. ಅವರು ತಮ್ಮ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ನೋಡಿಕೊಂಡರು. ಯಾರೂ ಇರಲಿಲ್ಲ. ಫೋನು ಉಸ್ಮಾನ ಮಿಯಾನ ಕೈಗೆ ಹೋಯಿತು. ಅಧ್ಯಕ್ಷರ ಇಸ್ತ್ರಿ ಜಾಕೀಟು ಶೇವಂತಾಬಾಯಿಯ ಚೀಲ ಸೇರಿತು, ತಲೆಗೆ ಗೋರಖನಾಥನ ಟವೆಲ್ಲು ಬಂತು, ಅದರ ಮೇಲೆ ಗಂಟು. ನಾಟಕದ ಗಂಟಿನಲ್ಲಿ ಹಳೇ ಹತ್ತಿ ತುಂಬಿರುತ್ತಿತ್ತು. ಇದರಲ್ಲಿ ಖಾರ ಕುಟ್ಟುವ ಕಲ್ಲಿತ್ತು.

ಶಿವರಾಜಪ್ಪ: ಏನಿಟ್ಟೀರಿ ಇದ್ರಾಗ? ಕುತ್ತಗಿ ಮುರಿಲತದ.

ಶೇವಂತಾಬಾಯಿ: ಸಂಸಾರ ಅದ್ರಿ. ಬಿಗಿ ಹಿಡೀರಿ. (ದನಿ ಏರಿಸಿ) ಎಲ್ಲಿಗಿ ಹೊಂಟಿ ನನ್ನ ರಾಜಾ, ಹುಟ್ಟಿದೂರು ಬಿಟ್ಟು?

ಶಿವರಾಜಪ್ಪ: ಪಟ್ಟಣದ ಥಳಕು ಬಳಕು ನನ್ನನ್ನು ಕೈಬೀಸಿ ಕರೆಯುತ್ತಿದೆ, ಪ್ರಿಯೆ.

ಪ್ಲಾಟ್‌ಫಾರ್ಮಿಗೆ ಪ್ಲಾಟ್‌ಫಾರ್ಮೇ ನಕ್ಕಿತು. ಗಂಭೀರವಾದ ಸಾಲು ಅದು, ಬರೆಯುವಾಗ ಶಿವರಾಜಪ್ಪನವರ ಕಣ್ಣುಗಳೇ ಒದ್ದೆಯಾಗಿದ್ದವು.

ಅನುಸೂಯಾಬಾಯಿ: ಇಟ್ಟಂಗಿ ಹೊರಾವ್ರಿಗಿ ಯಾರು ಕೈ ಬೀಸ್ತಾರ್ರಿ? ಭಾವಿ ಬತ್ಯಾದಂತ ಹೇಳ್ರಿ.

ಶಿವರಾಜಪ್ಪ: (ಶೇವಂತಾಬಾಯಿಯ ಕಡೆ ಓರೆಗಣ್ಣಿನಿಂದ ನೋಡಿ) ಭಾವಿ ಬತ್ಯಾದ.

ಅನುಸೂಯಾಬಾಯಿ: ಎಮ್ಮಿ ಮಾರಿ ಹಗ್ಗ ಮನ್ಯಾಗ ಇಟ್ಕೊಂಡೇನಿ ಅನ್ರಿ.

ಶಿವರಾಜಪ್ಪ: ಎಮ್ಮಿ ಮಾರಿದೆ. ಹಗ್ಗ ಮನ್ಯಾಗೇ ಅದ.

ಹಿಂದಿನಿಂದ ಯಾರೋ ತೊಗರಿಯ ಮಾತೆತ್ತಿದರು, ಯಾರೋ ಸೋಯಾದ್ದು. ಶಿವರಾಜಪ್ಪನವರು ಒಂದೊಂದನ್ನೂ ತಿರುಗಿ ಹೇಳುತ್ತ ಹೋದರು. ಯಾವ ಭಾಷಣಕ್ಕೂ ಇಷ್ಟು ಮಂದಿ ಇಷ್ಟು ಸುಮ್ಮನೆ ಕೂತು ಕೇಳಿದ್ದು ಅವರು ಕಂಡಿರಲಿಲ್ಲ. ಹುರುಪು ಬಂತು.

ಶಿವರಾಜಪ್ಪ: ಬಿತ್ತಿದ ತೊಗರಿ ಮ್ಯಾಲ ಏಳ್ಲೇ ಇಲ್ಲ. ಕೊಡಾ ಹಿಡದು ಪಾಳಿಗಿ ನಿಂತು ನಿನ್ನ ಕಾಲು ಬಾತಾವ. ಇಲ್ಲಿದ್ದು ಏನು ತಿನ್ನಲಿ? ಹೇಳ್ ನನಗ, ಯಾಕ ನಿಂದರ್ಲಿ?

ಉಸ್ಮಾನ ಮಿಯಾ: ವ್ಹಾ ಸಾಬ್. ಈಗ ಬರಾಬರ್ ಆತು.

ಈಗ ಹೆಂಡತಿಯ ಸರದಿ. ಇಲ್ಲೇ ಬೆವರು ಸುರಿಸಿದರೆ ಬರಡು ನೆಲವೂ ಬಂಗಾರವಾಗದೇ ಎಂದು ಅವಳು ಕೇಳಬೇಕು, ಗಂಡ ನಾಚಿ ತಲೆ ತಗ್ಗಿಸಬೇಕು. ಶೇವಂತಾಬಾಯಿ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

ಶಿವರಾಜಪ್ಪ: (ಪಿಸುದನಿಯಲ್ಲಿ) ಹೇಳ್ರಿ. ಬರಡು ನೆಲ, ಬಂಗಾರ.

ಶೇವಂತಾಬಾಯಿ: ಬಾಯಿಗಿ ಬರವಲ್ದ್ರಿ.

ಶಿವರಾಜಪ್ಪ: ಇಷ್ಟು ದಿನಾ ಗಡಗಡ ಹೇಳ್ತಿದ್ರಿ.

ಶೇವಂತಾಬಾಯಿ: ಇಷ್ಟು ದಿನಾ ಗಂಡ ಥಳಕು ಬಳಕು ಅಂತಿದ್ದ, ಬೈಯೋದು ಸಸಾರ ಇತ್ತು. ಇವತ್ತ ಗಂಡ ಖರೇ ಹೇಳ್ಯಾನ. ಖರೇಕ್ಕ ಜವಾಬ ನೀವು ಬರದೇ ಇಲ್ಲಲ್ರಿ.

ಶಿವರಾಜಪ್ಪನವರು ಗಂಟು ಬಿಗಿ ಹಿಡಿದುಕೊಂಡೇ ತಲೆ ತಗ್ಗಿಸಿದರು.  ನಾಚಿಕೆಯಾಯಿತು, ಮತ್ತು ಆ ನಾಚಿಕೆ ನಾಟಕದ್ದಲ್ಲ. ಅಷ್ಟರಲ್ಲಿ ಗಾಡಿ ಕೂಗಿತು.

ಆಮೇಲೆ ನಡೆದದ್ದಕ್ಕೆ ಯಾವ ಸಮಿತಿಯ ಒಪ್ಪಿಗೆಯೂ ಇರಲಿಲ್ಲ. ಕೂತವರೆಲ್ಲ ಒಮ್ಮೆಗೇ ಎದ್ದರು. ಗೋರಖನಾಥ ಢೋಲಕ ಬಗಲಿಗೆ ಹಾಕಿಕೊಂಡು ಕಿಟಕಿಯೊಳಗೆ ಚೀಲ ಎಸೆದು ಜಾಗ ಹಿಡಿದ. ಶೇವಂತಾಬಾಯಿ ಬಾಗಿಲ ಸರಳು ಹಿಡಿದು ಮೇಲೇರಿದಳು. ತಲೆಯ ಮೇಲೆ ಗಂಟಿದ್ದ ಮನುಷ್ಯನನ್ನು ಜನ ಹೊರಡುವವನೆಂದೇ ತಿಳಿದರು. ಹಿಂದಿನಿಂದ ಅನುಸೂಯಾಬಾಯಿ, ನಡಿ ನಮ್ಮಪ್ಪಾ, ಜಲ್ದಿ ನಡಿ, ಎಂದು ಬೆನ್ನಿಗೆ ಕೈಹಚ್ಚಿ ನೂಕಿದಳು. ಶಿವರಾಜಪ್ಪನವರು, ನಾ ಅಧ್ಯಕ್ಷ, ನಾ ಅಧ್ಯಕ್ಷ ಎನ್ನುತ್ತಲೇ ಡಬ್ಬಿಯೊಳಗೆ ಹೋದರು. ಗಾಡಿ ಹೊರಟಿತು.

ಶಿವರಾಜಪ್ಪ: ನನ್ನ ಫೋನು.

ಗೋರಖನಾಥ: ಉಸ್ಮಾನ ಮಿಯಾನ ಕಡಿ ಅದ್ರಿ, ಎಲ್ಲಿ ಹೋಗ್ತದ? ಅಂವ ಊರು ಬಿಡೋ ಪೈಕಿ ಅಲ್ಲ. ಬಿಟ್ಟಾವ್ರು ನೀವು.

ಶಿವರಾಜಪ್ಪ: ಗಂಟಾದ್ರೂ ತಗೋರಿ.

ಗೋರಖನಾಥ: ಇಡ್ಲಾಕ ಜಾಗಾ ಎಲ್ಲದ್ರಿ? ಸೊಲ್ಪ ಹಿಡಕೋರಿ.

ಒಂಟಿ ಕಾಲಿನ ಮೇಲೆ ನಿಂತು, ಗಂಟು ಹೊತ್ತು, ಯಾರದೋ ಮೊಳಕೈ ಪಕ್ಕೆಗೆ ತಿವಿಯುತ್ತಿರಲು ಅಧ್ಯಕ್ಷರು ಗಾಡಿಯ ಜೊತೆ ಓಲಾಡಿದರು. ಅವರ ಇತ್ತೀಚಿನ ಜೀವನದಲ್ಲಿ ಇದು ಹೊಸ ಅನುಭವ.

ಶಿವರಾಜಪ್ಪ: ನಾಳಿ ಸಾಹೇಬರಿಗಿ ನಾ ಏನು ಹೇಳ್ಲಿ, ಶೇವಂತಾಬಾಯಿ?

ಶೇವಂತಾಬಾಯಿ: ಇವತ್ತ ಗಂಟು ಹೊತ್ತು ಹೇಳಿದ್ರಲ್ಲ, ಅದನ್ನೇ ಹೇಳ್ರಿ.

ಶಿವರಾಜಪ್ಪ: ಅದು ಹೇಳಿದ್ರ ವಿಭಾಗದ ಅಧ್ಯಕ್ಷಗಿರಿ ಸಿಗಂಗಿಲ್ಲ.

ಶೇವಂತಾಬಾಯಿ: ಮತ್ತ ಥಳಕು ಬಳಕೇ ಹೇಳ್ರಿ. ಗ್ವಾಡಿ ನಗಂಗಿಲ್ಲ.

ಗಾಡಿ ನಿಧಾನವಾಯಿತು. ಬೀದರ ಬಂತು. ಅಲ್ಲೂ ಪ್ಲಾಟ್‌ಫಾರ್ಮಿನ ತುಂಬ ಗಂಟುಗಳು ಹತ್ತಲು ಕಾದಿದ್ದವು. ಇಳಿಯುವವರು ಒಬ್ಬರೇ. ಶಿವರಾಜಪ್ಪನವರು ಜನರ ಕಾಲು ತುಳಿಯುತ್ತ, ಬೈಸಿಕೊಳ್ಳುತ್ತ, ಹೇಗೋ ಕೆಳಗೆ ಬಿದ್ದರು.

ಗೋರಖನಾಥ: (ಕಿಟಕಿಯಿಂದ ಕೈಚಾಚಿ) ಗಂಟು ಕೊಟ್ಟು ಹೋಗ್ರಿ. ಮನೀಗಿ ಹೋಗಾವ್ರಿಗಿ ಗಂಟ್ಯಾಕ?

ಅವರು ಗಂಟನ್ನು ಕಿಟಕಿಗೆ ಎತ್ತಿ ಹಿಡಿದರು, ಅದು ಒಳಗೆ ಹೋಗಲಿಲ್ಲ. ಬಾಗಿಲಿಗೆ ಒಯ್ದು ಕೊಟ್ಟರು. ಬದಲಿಗೆ ಮುದ್ದೆಯಾದ ಜಾಕೀಟು ಕೈಗೆ ಬಂತು. ಅಲ್ಲಿಯೇ ಶೇವಂತಾಬಾಯಿ ನಿಂತಿದ್ದಳು.

ಶೇವಂತಾಬಾಯಿ: ಅಧ್ಯಕ್ಷರೆ, ನಾಟಕದ ಕಡೀ ಸೀನ ನೆನಪದ ಇಲ್ರಿ? ಗಂಡ ಗಾಡಿ ಇಳದು ತನ್ನ ಊರಿಗಿ ಬರ್ತಾನ.

ಶಿವರಾಜಪ್ಪ: ಅದ್ಯಾಕ ಈಗ?

ಗಾಡಿ ಮೆಲ್ಲಗೆ ಜರುಗಿತು.

ಶೇವಂತಾಬಾಯಿ: ವರದ್ಯಾಗ ಹಾಕ್ರಿ. ಇವತ್ತಿನ ನಾಟಕದಿಂದ ಒಬ್ಬಾಂವ ತಿರಗಿ ಊರಿಗಿ ಬಂದಾನ.