ಕಂಕುಳ ಸ್ಕ್ಯಾನಿಂಗು

ಎಲ್ಲದಕ್ಕೂ ಕಾರಣ ನಾಗಲಿಂಗನ ಬಲಗೈ.

ಇಳಕಲ್ಲಿನಲ್ಲಿ ಹೆಂಗಸರ ಜಂಪರು ಹೊಲಿಯುವುದರಲ್ಲಿ ಆ ಕೈಗೆ ಹೆಸರಿತ್ತು. ಟೇಪು ಹಿಡಿದರೆ ಊರ ಹೆಂಗಸರ ಎದೆಯಳತೆಯನ್ನು ಕಾಯಿಪಲ್ಲೆಯ ದರ ಕೂಗಿದಷ್ಟು ಸಲೀಸಾಗಿ ಹೇಳುತ್ತಿದ್ದ. ಆದರೆ ಸ್ವಂತ ಹೆಂಡತಿ ದಾನೇಶ್ವರಿಯ ಎದೆಯಲ್ಲಿ ಗಂಟು ಕಂಡು, ಅದು ಕ್ಯಾನ್ಸರ್ ಎಂದು ಡಾಕ್ಟರು ಹೇಳಿದಂದಿನಿಂದ ಎದೆ ಎಂಬ ಶಬ್ದವೇ ಅವನ ಬಾಯಿಂದ ಹೊರಬೀಳದಾಯಿತು. ಮಗಳು ವಿದ್ಯಾಳಿಗೆ ಬಾದಾಮಿಯ ಒಂದು ಮನೆತನದಲ್ಲಿ ಲಗ್ನ ಗೊತ್ತಾಗಿತ್ತು. ತಾಯಿಗೆ ಇಂಥ ರೋಗವೆಂದು ತಿಳಿದರೆ ಬೀಗರು ಹಿಂದೆ ಸರಿದಾರೆಂದು ಗಂಡಹೆಂಡಿರು ಮಗಳಿಗೂ ಸುದ್ದಿ ಬಿಟ್ಟುಕೊಟ್ಟಿರಲಿಲ್ಲ.

ಆಪರೇಶನ್ನಿಗೆ ಮೊದಲು ಕಂಕುಳದ ಸ್ಕ್ಯಾನಿಂಗ್ ಆಗಬೇಕಿತ್ತು. ಇಬ್ಬರೂ ಬಾಗಲಕೋಟೆಯ ಬಸ್ಸು ಹತ್ತಿ ಕೂತರು. ಬಸ್ಸು ಇನ್ನೇನು ಹೊರಡಬೇಕು, ಪಕ್ಕದ ಮನೆಯ ಸಕ್ರವ್ವ ಹತ್ತಿ, ಮುಂದಿನ ಸೀಟು ಹಿಡಿದು ಹಿಂದಕ್ಕೆ ತಿರುಗಿದಳು.

"ಇಬ್ಬರೂ ಕೂಡೆ ಎಲ್ಲಿಗಿ ಹೊಂಟೀರಿ?"

"ದವಾಖಾನಿಗಿ," ಎಂದ ನಾಗಲಿಂಗ.

"ಯಾಕವಾ, ಏನಾಗೇತಿ?"

"ಏನಿಲ್ರಿ, ಒಂದ್ ಸ್ಕ್ಯಾನಿಂಗು..." ಗಂಡನ ಬಾಯಿಂದ ಮಾತು ಜಾರಿಯೇ ಹೋಯಿತು.

"ಎಲ್ಲೀದು?"

ನಾಗಲಿಂಗನ ಬಲಗೈ ಮೇಲೆದ್ದಿತು. ಎದೆಯ ಹತ್ತಿರ ಬಂದು ನಾಚಿತು, ಕಂಕುಳದ ಕಡೆ ಹೊರಳಿ ಹೆದರಿತು. ಕೊನೆಗೆ ಕೂರಲು ಕೊಂಬೆ ಸಿಗದ ಕಾಗೆಯಂತೆ ಒಂದು ಸುತ್ತು ಹೊಡೆದು ಹೊಟ್ಟೆಯ ಮೇಲೆ ಇಳಿಯಿತು.

ಸಕ್ರವ್ವನ ಕಣ್ಣು ಅವನ ಹೊಟ್ಟೆಯಿಂದ ದಾನೇಶ್ವರಿಯ ಹೊಟ್ಟೆಗೆ ಹಾರಿತು. "ಅಯ್ಯ ನಮ್ಮವ್ವಾ! ಈ ವಯಸ್ಸಿನ್ಯಾಗ!"

ಅಲ್ಲ ಎನ್ನಬಹುದಿತ್ತು. ಅಂದರೆ ಮತ್ತೇನು ಎಂದು ಕೇಳುತ್ತಿದ್ದಳು. ದಾನೇಶ್ವರಿ ಗಂಡನ ತೊಡೆ ಚಿವುಟಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಸಕ್ರವ್ವ ಅದನ್ನು ನಾಚಿಕೆ ಎಂದುಕೊಂಡಳು.

ಮುಂದಿನದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. "ಬಸುರಿ ಹೆಣಮಗಳು ಐತಿ, ಗಾಲಿ ಮ್ಯಾಲಿನ ಸೀಟಿನ್ಯಾಗ ಯಾಕ ಕುಂಡ್ರಿಸೀರಿ?" ಎಂದು ಕಂಡಕ್ಟರು ಇಬ್ಬರನ್ನೂ ಎಬ್ಬಿಸಿ ಮುಂದೆ ಕೂರಿಸಿದ. ಡ್ರೈವರು ರಸ್ತೆಯ ಪ್ರತಿಯೊಂದು ಉಬ್ಬನ್ನೂ ತೊಟ್ಟಿಲು ತೂಗಿದಂತೆ ದಾಟಿಸಿದ. ಹುನಗುಂದ ಬರುವಷ್ಟರಲ್ಲಿ ಸಕ್ರವ್ವನ ಫೋನು ಬಿಸಿಯಾಗಿತ್ತು. ಅಮೀನಗಡದಲ್ಲಿ ಇಳಿದವಳು ಕರದಂಟಿನ ಪೊಟ್ಟಣವೊಂದನ್ನು ಕಿಟಕಿಯೊಳಗೆ ತೂರಿಸಿ, "ಎರಡು ಜೀವದ್ದು ತಿನ್ನಬೇಕವಾ!" ಎಂದು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಹೇಳಿದಳು. ಬಸ್ಸು ಬಿಟ್ಟ ಬೆನ್ನಿಗೇ ಪಕ್ಕದಂಗಡಿಯ ಮಲೀಕಸಾಬನ ಫೋನು ಬಂತು.

"ಲೇ ನಾಗ್ಯಾ, ಮಗಳ ಲಗ್ನದ ಹಂದರದಾಗನ ತೊಟ್ಲಾ ಕಟ್ಟಾಂವ ಏನೋ?"

ನಾಗಲಿಂಗ ಫೋನನ್ನು ಕಿಸೆಗೆ ತುರುಕಿದ.

ಸ್ಕ್ಯಾನಿಂಗ್ ಸೆಂಟರಿಗೂ ಅದೇ ಬಸ್ಸಿನವರೊಬ್ಬರು ಬಂದಿದ್ದರು. ಅವರ ಬಾಯಿಂದ ವಿಷಯ ತಿಳಿದ ಅಲ್ಲಿಯ ಆಯಾ, ಬಸುರಿಯರಿಗೆಲ್ಲ ಹೇಳುವಂತೆ ದಾನೇಶ್ವರಿಗೂ ಹೊಟ್ಟೆ ತುಂಬ ನೀರು ಕುಡಿಯಲು ಹೇಳಿದಳು. ಬೇಡವೆಂದರೆ ಹತ್ತು ಜನರ ಮುಂದೆ ಕಾರಣ ಹೇಳಬೇಕು. ದಾನೇಶ್ವರಿ ಬಾಟಲಿಗೆ ಬಾಯಿಟ್ಟಳು.

"ಕಂಕುಳಾ ನೋಡಾಕ ನೀರು ಯಾರು ಕುಡಿಸಿದ್ರಿ?" ಒಳಗೆ ಡಾಕ್ಟರ್ ಆಫ್ರೀನ ಬೆರಗಾದರು. ಆಮೇಲೆ ಕಂಕುಳಿಗೆ ತಣ್ಣನೆಯ ಜೆಲ್ಲು ಹಚ್ಚಿ ಸಮಾಧಾನದಿಂದ ಹೇಳಿದರು: "ಇಲ್ಲಿ ಸಣ್ಣ ಸಣ್ಣ ಗಂಟು ಎಲ್ಲಾರಿಗೂ ಇರ್ತಾವ್ರಿ. ಎದಿಯೊಳಗಿನ ಕ್ಯಾನ್ಸರು ಹಬ್ಬೂದಿದ್ರ ಹೆಚ್ಚಾಗಿ ಮೊದಲ ಇಲ್ಲಿಗೇ ಬರ್ತೈತಿ. ಅದಕ್ಕ ನೋಡೂದು."

ಪರದೆಯ ಮೇಲೆ ಕಪ್ಪುಬಿಳಿ ಮೋಡಗಳು ತೇಲಿದವು. ದಾನೇಶ್ವರಿ ಕಣ್ಣು ಮುಚ್ಚಿ, ನೀರನ್ನೂ ಅಳುವನ್ನೂ ಒಟ್ಟಿಗೇ ತಡೆದುಕೊಂಡಿದ್ದಳು. ಡಾಕ್ಟರರ ಕೈ ಒಂದೆಡೆ ನಿಂತಿತು. ಪಕ್ಕದಲ್ಲಿ ನಿಂತಿದ್ದ ನಾಗಲಿಂಗ ಪರದೆಯ ಕಡೆ ಬಗ್ಗಿದ. ಕೈ ಮತ್ತೆ ಸರಿಯಿತು.

"ಅನುಮಾನ ಪಡೂವಂಥಾದ್ದು ಏನೂ ಕಾಣವಲ್ದು. ಆಪರೇಶನ್ನಿನ್ಯಾಗ ಇನ್ನೊಮ್ಮೆ ಖಾತ್ರಿ ಮಾಡ್ಕೋತಾರ."

ದಾನೇಶ್ವರಿ ಅತ್ತಳು. ಅಳುತ್ತಲೇ ಪಾಯಖಾನೆಗೆ ಓಡಿದಳು.

ನಾಗಲಿಂಗ ಹೊರಗೆ ಬಂದಾಗ ಜಗತ್ತೇ ಹಗುರಾಗಿತ್ತು. ಅಷ್ಟರಲ್ಲಿ ಬೀಗ ಶಂಕ್ರಪ್ಪನ ಫೋನು. "ನಾ ಬಾದಾಮಿಯಿಂದ ಮಾತಾಡ್ತೇನ್ರಿ. ಏನೋ ಒಂದ್ ಸುದ್ದಿ ಕಿವಿಗಿ ಬಿತ್ತು. ಲಗ್ನದಾಗ ಹೆಣ್ಣಿನ ತಾಯಿ ತುಂಬಿದ ಹೊಟ್ಟೀಲೆ ಅಕ್ಷತಾ ಹಾಕಿದ್ರ ಮಂದಿ ಏನಂದಾರು..."

ಮುಂಜಾನೆಯಿಂದ ನುಂಗಿದ್ದೆಲ್ಲ ನಾಗಲಿಂಗನ ಗಂಟಲಿಗೆ ಬಂತು. "ಬಸುರಲ್ರೀ ಬೀಗ್ರ! ಎದಿ ಕ್ಯಾನ್ಸರು! ಕಂಕುಳಿಗಿ ಹಬ್ಬೇತೇನಂತ ಸ್ಕ್ಯಾನಿಂಗ್ ಮಾಡ್ಸಾಕ ಬಂದೇವಿ! ಹಬ್ಬಿಲ್ಲಂತ!"

ಬಸ್ಸಿನವರು ಆಗಲೇ ಹೋಗಿದ್ದರು; ಹಾಲ್‌ನಲ್ಲಿ ಕೂತ ಗುರುತಿಲ್ಲದವರೆಲ್ಲ ತಿರುಗಿದರು. ಮೂಲೆಯಲ್ಲಿ ತಲೆತುಂಬ ಸೆರಗು ಹೊದ್ದು ಕೂತಿದ್ದ ಹೆಂಗಸೊಬ್ಬಳು ಎದ್ದು ಹತ್ತಿರ ಬಂದಳು. ಬೀಗಿತಿ ಸಿದ್ದವ್ವ!

"ಹಗೂರ ಮಾತಾಡ್ರಿ ಅಣ್ಣಾರ," ಎಂದಳು. "ನಮ್ಮವರು ಇಲ್ಲೇ ಹೊರಗ ಚಾದಂಗಡ್ಯಾಗ ಅದಾರ."

ಬಾಗಿಲಲ್ಲಿ ಶಂಕ್ರಪ್ಪ ಫೋನು ಕಿವಿಗೊತ್ತಿಕೊಂಡೇ ಒಳಬರುತ್ತಿದ್ದ. "ಹಲೋ... ಹಲೋ... ಬಾದಾಮ್ಯಾಗ ಸಿಗ್ನಲ್ಲು..." ಎಂಬ ಮಾತು ಫೋನಿನಿಂದಲೂ ಬಾಗಿಲಿನಿಂದಲೂ ಒಟ್ಟಿಗೇ ಕೇಳಿಸಿತು. ನಾಗಲಿಂಗನನ್ನು ಕಂಡು ಎರಡೂ ನಿಂತವು.

ದಾನೇಶ್ವರಿ ಹೊರಬಂದ ಮೇಲೆ ನಾಲ್ವರೂ ಒಂದೇ ಬೆಂಚಿನ ಮೇಲೆ ಕೂತರು. ಸಿದ್ದವ್ವನಿಗೂ ಅದೇ ರೋಗ, ಅದೇ ಸ್ಕ್ಯಾನಿಂಗು. "ನನ್ನ ಕಂಕುಳಾಗಿಂದು ಛಲೋ ಕಾಣವಲ್ದಂತ. ಸೂಜಿ ಹಾಕಿ ತಗದು ಪರೀಕ್ಷಾಕ್ಕ ಕಳಿಸ್ಯಾರ," ಎಂದಳು. ದಾನೇಶ್ವರಿ ಅವಳ ಕೈ ಹಿಡಿದುಕೊಂಡಳು. ನಾಗಲಿಂಗನಿಗೆ ಅಯ್ಯೋ ಎನಿಸಿತು. ಅದರ ಹಿಂದೆಯೇ ಸಣ್ಣದೊಂದು ಸಮಾಧಾನವೂ ಕಳ್ಳನಂತೆ ಒಳಬಂತು.

"ಇನ್ನ ಮುಚ್ಚಿಡೂದು ಏನೈತ್ರಿ?" ಎಂದ. "ನಮ್ಮದು ನಿಮಗ ಗೊತ್ತು, ನಿಮ್ಮದು ನಮಗ ಗೊತ್ತು. ಲಗ್ನಾ ಸಾಂಗವಾಗಿ ಮಾಡೂನು."

"ಇಲ್ರಿ ಅಣ್ಣಾರ," ಸಿದ್ದವ್ವನ ದನಿ ಮೆತ್ತಗಿತ್ತು. "ನಮ್ಮವ್ವ ಇದರಾಗ ಹೋದ್ಲು. ನನಗ ಬಂತು. ಈಗ ನೋಡಿದ್ರ ನಿಮ್ಮ ಮನ್ಯಾಗೂ ಅದ. ಎರಡೂ ಕಡಿಯಿಂದ ಇದನ್ನ ತಂದು, ಮುಂದ ಹುಟ್ಟೂ ಹೆಣಕೂಸಿನ ಉಡ್ಯಾಗ ಹಾಕಲೇನು? ನೀವು ಖರೇನ ಬಸುರಿದ್ದಿದ್ರ ನಾನ ಬಂದು ಬಾಣಂತನ ಮಾಡ್ತಿದ್ದೆ, ದಾನಕ್ಕಾ."

ನಾಗಲಿಂಗ ವಾದಿಸಲು ಬಾಯಿ ತೆರೆದ. ಎಲ್ಲರಿಗೂ ಹಂಗೇ ಬರುತ್ತದೇನು, ಒಳಗೆ ಹೋಗಿ ಡಾಕ್ಟರನ್ನಾದರೂ ಒಂದು ಮಾತು ಕೇಳೋಣ ಎನ್ನಬೇಕೆಂದಿದ್ದ. ದಾನೇಶ್ವರಿ ಅವನ ಮೊಣಕೈ ಹಿಡಿದು ತಡೆದಳು. ಕಣ್ಣೊರೆಸಿಕೊಂಡು ಕೇಳಿದಳು:

"ಲಗ್ನಾ ಯಾಕ ಮುರೀತು ಅಂತ ಮಂದಿ ಕೇಳಿದ್ರ ಏನ ಹೇಳೂದು?"

ಶಂಕ್ರಪ್ಪ ನಾಗಲಿಂಗನ ಮುಖ ನೋಡಿದ.

"ಕ್ಯಾನ್ಸರು ಅಂದ್ರ ನನ್ನ ಮಗಳಿಗಿ ಮತ್ತೊಂದು ಗಂಡು ಬರಾಂಗಿಲ್ಲ," ಎಂದಳು ದಾನೇಶ್ವರಿ. "ಹೆಣ್ಣಿನ ತಾಯಿ ಬಸುರಿ, ನಮಗ ನಾಚಿಕಿ ಆತು, ಬಿಟ್ವಿ ಅಂತ ಹೇಳಿಬಿಡ್ರಿ. ಆಪರೇಶನ್ ಆದ ಮ್ಯಾಲ ಕೂಸು ಹೋತು ಅಂತ ನಾವು ಹೇಳ್ತೇವಿ."

ಸಿದ್ದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಗಲೆಂದು ತಲೆಯಾಡಿಸಿದಳು. ಶಂಕ್ರಪ್ಪ ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ, ಇನ್ನೂ ಹುಟ್ಟದ, ಎಂದೂ ಹುಟ್ಟದ ಆ ಕೂಸಿಗಾಗಿ ನಾಗಲಿಂಗನ ಹೆಗಲು ತಟ್ಟಿದ.