ಗೀರದೆ ನೋಡುವ ಯಂತ್ರ

"ಗೀರೂದೇನೂ ಇಲ್ಲರಿ ಕಾಕಾ" ಎಂದು ಧಾರವಾಡದ ಸಂಶೋಧಕಿ ಮೈತ್ರೇಯಿ ಫೋನಿನಲ್ಲಿ ಹೇಳಿದ್ದೇ ತಡ, ಕಲಘಟಗಿಯ ಕುಬೇರಪ್ಪನ ಕೈಯೊಳಗಿನ ಚಹಾ ಧೋತರದ ಮೇಲೆ ಚೆಲ್ಲಿತು.

ಗಿಳಿ ಕೆತ್ತಿದ, ಅಜ್ಜನ ಕಾಲದ ಅರಗಿನ ಬಣ್ಣದ ತೊಟ್ಟಿಲು ತನ್ನದೆಂದು ಊರಿಗೆಲ್ಲ ಸಾರಿದವನು ಅವನು. ಓಣಿಯಲ್ಲಿ ಯಾವ ಕೂಸಿಗೆ ಹೆಸರಿಟ್ಟರೂ ತೊಟ್ಟಿಲು ಅವನದು, ಮೊದಲ ಕುರ್ಚಿಯೂ ಅವನದು. ಈಗ ಅದನ್ನು ಹೊಸ ವಸ್ತುಸಂಗ್ರಹಾಲಯದಲ್ಲಿಟ್ಟು, ಕೆಳಗೆ ಅವನ ಹೆಸರಿನ ಫಲಕ ಹಾಕುವ ಮಾತು ನಡೆದಿತ್ತು. ಬಣ್ಣದ ಪರೀಕ್ಷೆ ಆಗಬೇಕೆಂದಾಗ ಧೈರ್ಯವಾಗಿ ಹೂಂ ಅಂದಿದ್ದ. ಪರೀಕ್ಷೆಗೆ ಬಣ್ಣ ಕೆರೆಯಲೇಬೇಕು, ಕೂಸಿನ ತೊಟ್ಟಿಲಿಗೆ ಉಗುರು ತಾಗಿಸಗೊಡುವುದಿಲ್ಲ ಎಂದು ಹಟ ಹಿಡಿದರಾಯಿತು ಅಂದುಕೊಂಡಿದ್ದ. ಈಗ ನೋಡಿದರೆ ಬಿಸಿ ಗಾಳಿ ಸೋಕಿಸಿದರೆ ಸಾಕಂತೆ! ಮೇಲಿಂದೆದ್ದ ಕಣಗಳನ್ನು ತೂಗಿ ಯಂತ್ರವೇ ಬಣ್ಣದ ಕುಲಗೋತ್ರ ಹೇಳುತ್ತದಂತೆ.

ಅವನ ಅಂಜಿಕೆಗೆ ಕಾರಣವಿತ್ತು. ಹತ್ತು ವರ್ಷದ ಹಿಂದೆ ಮೂಲೆ ಮುರಿದ ತೊಟ್ಟಿಲನ್ನು ಬಡಿಗ ಅಬ್ದುಲ್‌ಸಾಬನಿಗೆ ರಿಪೇರಿಗೆ ಕೊಟ್ಟಾಗ ಅದು ಮದುಮಗನ ಹಾಗೆ ಮಿಂಚುತ್ತ ಮರಳಿತ್ತು. ನೂರು ವರ್ಷದ ವಸ್ತು ಎಲ್ಲಾದರೂ ಹೀಗೆ ಮಿಂಚೀತೆ? ಅರಗಿನ ಬದಲು ಪೇಟೆಯ ಡಬ್ಬಿ ಬಣ್ಣ ಬಳಿದುಬಿಟ್ಟಿದ್ದಾನೆಂದು ಕುಬೇರಪ್ಪ ತಾನೇ ತೀರ್ಮಾನಿಸಿ, ಕೇಳಿದರೆ ಸುದ್ದಿ ಊರಿಗಾಗುತ್ತದೆಂದು ಬಾಯಿ ಹೊಲಿದುಕೊಂಡಿದ್ದ.

ಅಬ್ದುಲ್‌ಸಾಬನ ಅಂಗಡಿಯ ಜಂತಿಗೆ ಕಪ್ಪಿಟ್ಟ ತೊಟ್ಟಿಲೊಂದು ತೂಗುತ್ತಿದ್ದುದು ನೆನಪಾಯಿತು. ತನ್ನದನ್ನು ಕೈಗಾಡಿಗೆ ಹೇರಿ ಹೊರಟ. ಬಾಜು ಮನೆಯ ಅನ್ನಪೂರ್ಣಾಬಾಯಿ ಬೆನ್ನು ಹತ್ತಿದರು.

"ಎಲ್ಲಿಗೆ ಒಯ್ಲಿಕ್ಹತ್ತೀರಿ? ಇವತ್ತ ಪರೀಕ್ಷಾ ಅಲ್ಲೇನು?"

"ಧೂಳ ಝಾಡಸಾಕ್ರಿ ಬಾಯಾರ."

"ನಡೀರಿ, ನನಗೂ ಕೂಡ್ಲಿಕ್ಕೆ ಒಂದು ಮಣಿ ಮಾಡಸೂದದ."

ಅಂಗಡಿಯಲ್ಲಿ ಕುಬೇರಪ್ಪ ನೇರವಾಗಿ ಮಾತಿಗಿಳಿದ. "ಸಾಬ, ಬದಲಿ ಮಾಡೂಣು. ಆ ಹಳೇದ ನನಗ, ಈ ಮಿಂಚೂದ ನಿನಗ."

"ಖರೇನ ಮಾಲಕ್ರ? ವಿಚಾರ ಮಾಡ್ರಿ, ನಿಮ್ಮದು..."

"ನಂದೇನು ಅನ್ನೂದು ನನಗ ಗೊತ್ತೈತಿ. ಕುಬೇರಪ್ಪ ಮಾತ ಕೊಟ್ಟ ಮ್ಯಾಲ ತಿರುಗಿ ಕೇಳಾವಲ್ಲ. ಬಾಯಾರ ಸಾಕ್ಷಿ!"

"ಹೂಂ, ನಾ ಸಾಕ್ಷಿ" ಎಂದರು ಬಾಯಿಯವರು, ಏತಕ್ಕೆಂದು ತಿಳಿಯದಿದ್ದರೂ.

ಮರಳುವಾಗ ಅವರ ಬಾಯಿ ಮುಚ್ಚಿಸಲು ಕುಬೇರಪ್ಪ ಹೊಸದೊಂದು ಕತೆ ಕಟ್ಟಿದ. "ಇದ ನೋಡ್ರಿ ಖರೇ ಅಜ್ಜಂದು, ಸಾಬನ ಕಡೆ ಜೋಪಾನ ಇಟ್ಟಿದ್ದೆ. ಅದು ಮಂದಿಗೆ ಕೊಡಾಕ ಮಾಡಿಸಿದ ಡಬ್ಬಿ ಬಣ್ಣದ್ದು."

"ಅಂದ್ರ ನನ್ನ ಮೊಮ್ಮಗನ್ನ ಡಬ್ಬಿ ಬಣ್ಣದಾಗ ಮಲಗಿಸಿದ್ರೇನು?"

ಮನೆ ಮುಟ್ಟುವಷ್ಟರಲ್ಲಿ ಓಣಿಯ ಅಜ್ಜಿಯರೆಲ್ಲ ಕಟ್ಟೆಯ ಮುಂದೆ ನೆರೆದು ಅವನ ಜನ್ಮ ಜಾಲಾಡಿದರು. ಕುಬೇರಪ್ಪ ಎದೆಗುಂದಲಿಲ್ಲ. ಫಲಕವೊಂದು ಬಂದರೆ ಇವರೆಲ್ಲ ತಾವಾಗಿಯೇ ಸುಮ್ಮನಾಗುತ್ತಾರೆಂದು ಮೀಸೆ ತಿರುವಿದ.

ಮೂರಕ್ಕೆ ಯಂತ್ರದ ಟೆಂಪೊ ಬಂತು. ಮೈತ್ರೇಯಿ ಬಿಸಿ ಗಾಳಿ ಸೋಕಿಸಿ ಪರದೆ ನೋಡಿದಳು.

"ಮ್ಯಾಲೆ ಹೊಗಿ ಅದ."

"ನೂರು ವರ್ಷದ ಹೊಗಿ!" ಎಂದು ಕುಬೇರಪ್ಪ ಎಲ್ಲರತ್ತ ನೋಡಿದ.

ಅವಳು ಒಂದು ಮೂಲೆ ಒರೆಸಿ ಮತ್ತೆ ನೋಡಿದಳು. "ಕೆಳಗ ಡಬ್ಬಿ ಬಣ್ಣ ಅದರಿ."

"ಯಂತ್ರಕ್ಕ ನೆಗಡಿ ಬಂದಿರಬೇಕು!"

"ಇಲ್ಲರಿ ಕಾಕಾ. ಬರೂ ದಾರ್ಯಾಗ ಅಬ್ದುಲ್‌ಸಾಬರ ಅಂಗಡ್ಯಾಗ ಒಂದು ನೋಡಿದ್ವಿ. ಗಿಳಿ ಕೆತ್ತಿದ್ದು, ಅಗದಿ ಅಪ್ಪಟ ಅರಗು."

ಟೆಂಪೊದಲ್ಲೇ ಬಂದಿದ್ದ ಅಬ್ದುಲ್‌ಸಾಬ ತಲೆ ಕೆರೆದುಕೊಂಡ. "ಹೇಳಾಕ ಬಂದ್ರ ನೀವು ಬಿಡಲಿಲ್ಲ. ಅವತ್ತ ರಿಪೇರಿಗೆ ಕೊಟ್ಟಾಗ ನಿಮ್ಮದನ್ನ ಕೇದಗಿ ಎಲಿಲೆ ತಿಕ್ಕಿದ್ದೆ, ಅಷ್ಟರಿ. ಅರಗು ತಿಕ್ಕಿದಷ್ಟೂ ಮಿಂಚತೈತಿ. ಇದು ನನ್ನ ಮಗಳು ಜರೀನಾಬಿ ಕೂಸಿದ್ದಾಗಿಂದು, ಚಹಾದ ಒಲಿ ಹೊಗಿ ಕುಡದು ಮುದುಕ ಆಗೈತಿ. ಬೇಕಂದ್ರ ನಿಮ್ಮದು ತಿರುಗಿ ಒಯ್ರಿ."

ಕುಬೇರಪ್ಪ ಹೂಂ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅನ್ನಪೂರ್ಣಾಬಾಯಿ ಸೆರಗು ಕಟ್ಟಿ ಮುಂದೆ ಬಂದರು. "ಮಾತ ಕೊಟ್ಟ ಮ್ಯಾಲ ತಿರುಗಿ ಕೇಳಾವಲ್ಲ ಅಂದೀರಿ. ನಾ ಸಾಕ್ಷಿ ಇದ್ದೀನಿ!"

ಓಣಿಗೆ ಓಣಿಯೇ ಅವನ ಮುಖ ನೋಡಿತು.

"ಕೇಳಾವಲ್ಲ" ಎಂದ ಕುಬೇರಪ್ಪ, ಬಾವಿಯೊಳಗಿನಿಂದ ಬಂದ ದನಿಯಲ್ಲಿ.

ಮೈತ್ರೇಯಿಗೆ ಕನಿಕರ ಬಂತು. "ಬ್ಯಾಸರ ಮಾಡ್ಕೋಬ್ಯಾಡ್ರಿ ಕಾಕಾ. ನಮಗ ಇದೂ ಬೇಕು. ಎರಡೂ ಬಾಜೂಬಾಜೂ ಇಡತೀವಿ. ಫಲಕದ ಮ್ಯಾಲೆ ನಿಮ್ಮ ಹೆಸರೂ ಬರತದ."

ಕುಬೇರಪ್ಪನ ಮುಖ ಅರಳಿತು. "ಹೌದೇನವ್ವಾ! ಏನಂತ ಬರಸ್ತಿ?"

ಅವಳು ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ತೋರಿಸಿದಳು: "ನಕಲಿ ಹೀಗಿರುತ್ತದೆ. ಕೊಟ್ಟವರು: ಕುಬೇರಪ್ಪ, ಕಲಘಟಗಿ."